ನಮ್ಮತ್ತೆಯ ಹೆಸರು ಬರೆಯುವ ಕಾಲಂ

ನಮ್ಮತ್ತೆ ಉಮಾಬಾಯಿಯನ್ನು ಮನೆಯಿಂದ ಹೊರಡಿಸುವುದಕ್ಕಿಂತ ಹಳ್ಳವನ್ನೇ ಬೇರೆ ಕಡೆ ತಿರುಗಿಸುವುದು ಸುಲಭ ಎಂದು ನನ್ನ ಗಂಡ ನರೇಶ ಹೇಳುತ್ತಿದ್ದ. ಹೇಳಿ ಸುಮ್ಮನಾಗುತ್ತಿದ್ದ. ಒದ್ದಾಡುವವಳು ನಾನು.

ಪೆದ್ದೆಮುಲ್ ಹತ್ತಿರದ ನಮ್ಮೂರಲ್ಲಿ ಹಳ್ಳ ತಿರುಗುವ ಕಡೆಗೇ ನಮ್ಮ ಮನೆ. ಒಮ್ಮೆ ಹಳ್ಳ ಉಕ್ಕಿ ಬಂದಾಗ ಊರೆಲ್ಲ ದಿಬ್ಬದ ಮೇಲಿನ ಶಾಲೆಗೆ ಓಡಿದರೆ ಅತ್ತೆ ಮಾತ್ರ ಜೋಳದ ಚೀಲಗಳ ಮೇಲೆ ಹತ್ತಿ ಕೂತರು. ನೀರು ಇಳಿದಾಗ ಒದ್ದೆಯಾಗದೆ ಉಳಿದದ್ದು ಅವರು ಕೂತಿದ್ದ ಚೀಲವೊಂದೇ. ಇನ್ನೊಂದು ಗೇಣು ಏರಿದ್ದರೆ ಅವರು ನಮಗೆ ಸಿಗುತ್ತಿರಲಿಲ್ಲ. ಅಂದಿನಿಂದ ಮೋಡ ಕಂಡರೆ ನನಗೆ ಊಟ ಸೇರುವುದಿಲ್ಲ.

ಅವರ ಹಟಕ್ಕೆ ಕಾರಣವೂ ಇತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಇಂಥದೇ ಒಂದು ಮಳೆಗೆ ಅವರು ಶಾಲೆಗೆ ಹೋಗಿದ್ದರು.

"ನಮ್ಮ ಜಾತಿ ಮಂದಿನ್ನ ಸಾಲಿ ಹೊರಗ ಕುಂದರ್ಸಿ, ಮ್ಯಾಲಿಂದ ಅನ್ನ ಸುರುವ್ಯಾರ," ಎನ್ನುತ್ತಿದ್ದರು. "ನೀರಾಗ ಹೋದರೂ ಚಲೋ, ಆ ಸಾಲಿಗಿ ನಾ ಬರಲ್ಲ."

ಈಗ ಹಾಗಿಲ್ಲ ಎಂದು ನಾನು ಹೇಳಿದರೆ, "ಇರಬಹುದು" ಎಂದು ಎದ್ದು ಹೋಗುತ್ತಿದ್ದರು.

ಆ ಪ್ರವಾಹವಾಗಿ ಎರಡು ವರ್ಷ ಕಳೆದಿತ್ತು; ಅದು ತೆಲಂಗಾಣ ರಾಜ್ಯ ಬೇಕೆಂದು ಎಲ್ಲರೂ ಕೆಲಸ ನಿಲ್ಲಿಸಿದ ಸಕಲ ಜನುಲ ಸಮ್ಮೆಯ ವರ್ಷ. ತಾಂಡೂರಿನ ಒಂದು ಸಂಸ್ಥೆಯವರು ನಮ್ಮಂಥ ಅಂಗನವಾಡಿ ಟೀಚರುಗಳಿಗೆ ತರಬೇತಿ ಕೊಡಲು ಪೆರು ದೇಶದ ಮರಿಸೋಲ್ ಎಂಬಾಕೆಯನ್ನು ಕರೆಸಿದ್ದರು. ಭೂಕಂಪ, ಪ್ರವಾಹ ಬರುವ ಮೊದಲೇ ಯಾವ ಮನೆಗೆ ಎಷ್ಟು ಅಪಾಯ ಎಂದು ಲೆಕ್ಕ ಹಾಕುವುದು ಆಕೆಯ ಕೆಲಸ. ಅಷ್ಟರಲ್ಲಿ ಬಸ್ಸು, ರೈಲು ಎಲ್ಲ ಬಂದ್. ಊರಿಗೆ ಮರಳಲಾಗದೆ ಆಕೆ, ಆಕೆಯ ಮಾತು ನಮಗೆ ತಿಳಿಸುವ ಸಂಜೀವ, ಇಬ್ಬರೂ ಟ್ರ್ಯಾಕ್ಟರ್ ಹತ್ತಿ ನಮ್ಮೂರಿಗೇ ಬಂದುಬಿಟ್ಟರು.

ಆಕೆ ಶಾಲೆಯ ಪರಸಿಕಲ್ಲಿನ ನೆಲದ ಮೇಲೆ ಚಾಕ್‌ಪೀಸಿನಿಂದ ಊರಿನ ನಕ್ಷೆ ಬರೆಸಿದಳು. ನಮ್ಮ ಮನೆಗೆ ಅಪಾಯದ ಕೆಂಪು ಬಣ್ಣ ಬಿತ್ತು. ಆಮೇಲೆ ಒಂದು ಹಾಳೆ ಕೊಟ್ಟಳು. ಅದರಲ್ಲಿ ಎರಡು ಕಾಲಂ: ಹಳ್ಳ ಬಂದರೆ ಯಾರನ್ನು ಎತ್ತಿ ತರಬೇಕು, ಯಾರು ಏನು ಕೆಲಸ ಮಾಡುತ್ತಾರೆ. ಮೊದಲ ಕಾಲಮಿನಲ್ಲಿ ಮೊದಲ ಹೆಸರು ನಾನೇ ಬರೆದೆ. ಉಮಾಬಾಯಿ, ಮೊಣಕಾಲು ನೋವು, ವಿಪರೀತ ಹಟ. ಎರಡನೆಯದರಲ್ಲಿ ಅಡುಗೆಯ ಎದುರು ಯಾರ ಹೆಸರೂ ಇರಲಿಲ್ಲ.

ಮರುದಿನ ದೊಡ್ಡ ರಸ್ತೆಯಲ್ಲಿ ವಂಟಾ ವಾರ್ಪು. ರಸ್ತೆ ತಡೆದು ಅಲ್ಲೇ ಅಡುಗೆ ಮಾಡಿ ಊರೆಲ್ಲ ಅಲ್ಲೇ ಉಣ್ಣುವ ಚಳವಳಿ ಅದು. ಹೇಳಿದ್ದ ಅಡುಗೆಯವನು ಬರಲಿಲ್ಲ. ಮುನ್ನೂರು ಜನರ ಬೇಳೆಗೆ ಎಷ್ಟು ಉಪ್ಪು ಎಂದು ಗಂಡಸರು ವಾದಕ್ಕೆ ನಿಂತರು. ನೋಡಿ ನೋಡಿ ಸಾಕಾಗಿ ನಮ್ಮತ್ತೆ ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ಬಂದರು. ಸಮ್ಮೆಯಲ್ಲಿದ್ದ ನಮ್ಮ ಶಾಲೆಯ ಸೋಮಶೇಖರ ಮಾಸ್ತರರಿಗೆ ಬಳ್ಳುಳ್ಳಿ ಸುಲಿಯಲು ಹೇಳಿದರು. ಮೇಲ್ಜಾತಿಯ ಮಾಸ್ತರರು ತಮ್ಮ ಮನೆಯಲ್ಲಿ ನೀರು ಸಹ ತಾವಾಗಿ ತೆಗೆದುಕೊಂಡವರಲ್ಲ. ಅಂಥವರು ಕೂತು ಸುಲಿದರು, ಎಲ್ಲರ ಜೊತೆ ಪಂಕ್ತಿಯಲ್ಲಿ ಅತ್ತೆಯ ಕೈಯಡುಗೆಯನ್ನು ಎರಡು ಸಲ ಹಾಕಿಸಿಕೊಂಡು ಉಂಡರು.

ಮರಿಸೋಲ್ ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ ಏನೋ ಹೇಳಿದಳು. ಸಂಜೀವ ನನಗೆ ತಿಳಿಸಿದ: "ಅವರ ಊರಾಗ ಭೂಕಂಪ ಆದಾಗ ಓಣಿ ಹೆಣ್ಣಮಕ್ಕಳು ಮೊದಲು ಎಲ್ಲಾರಿಗಿ ಅಡಿಗಿ ಮಾಡಾಕ ಒಂದು ದೊಡ್ಡ ಗುಂಡಿ ಪಾತ್ರಿ ಒಲಿ ಮ್ಯಾಲ ಇಡ್ತಾರಂತ್ರಿ. ಈ ಅಮ್ಮನ ಹೆಸರು ಯಾವ ಕಾಲಮ್‌ನ್ಯಾಗ ಬರದೀರಿ ಅಂತ ಕೇಳಾಕತ್ಯಾರ."

ನನಗೆ ನಾಚಿಕೆಯಾಯಿತು. ಹಾಳೆ ತೆಗೆದು ಮೊದಲ ಕಾಲಮಿನ ಆ ಹೆಸರನ್ನು ಹೊಡೆದು ಹಾಕಿ, ಅಡುಗೆಯ ಎದುರು ಬರೆದೆ. ಸಂಜೆ ಅತ್ತೆಯ ಕಾಲು ತಿಕ್ಕುತ್ತ ಮಾತು ತೆಗೆದೆ.

"ಹಳ್ಳ ಬಂದರ ಸಾಲ್ಯಾಗ ಊರಿಗೆಲ್ಲ ಅಡಿಗಿ ನೀವೇ ಮಾಡಬೇಕ್ರಿ ಅತ್ತಿ. ಹೆಸರು ಬರದೀನಿ."

ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

"ಎಲ್ಲಾರೂ ಉಣ್ತಾರೇನು?"

"ಇವತ್ತ ಉಂಡಾರಲ್ರಿ."

"ಸಾಲ್ಯಾಗ ದೊಡ್ಡ ಗುಂಡಿ ಅದನೋ ಇಲ್ಲೋ, ಮಾಸ್ತರಿಗಿ ಕೇಳು."

ಹತ್ತು ದಿನಕ್ಕೆ ಮಳೆ ಹಿಡಿಯಿತು. ಎರಡನೇ ಮಧ್ಯಾಹ್ನ ದಿಬ್ಬದ ಮೇಲಿಂದ ಹಳ್ಳ ಏರುತ್ತಿದೆ ಎಂಬ ಎಚ್ಚರಿಕೆಯ ಸೀಟಿ ಕೇಳಿಸಿತು. ಅಂಗನವಾಡಿಯ ಮಕ್ಕಳನ್ನು ಅವರವರ ತಾಯಂದಿರ ಕೈಗೆ ಒಪ್ಪಿಸಿ, ಅತ್ತೆಯನ್ನು ಹೊತ್ತು ತರಲು ಪಕ್ಕದ ಮನೆಯ ಅಂಜಪ್ಪನನ್ನು ಕರೆದುಕೊಂಡು ಓಡಿದೆ. ಹೊಸ್ತಿಲಿಗೆ ನೀರು ಬಂದಿತ್ತು. ಬಾಗಿಲಿಗೆ ಬೀಗ. ಕೂಗಿದರೆ ಉತ್ತರವಿಲ್ಲ. ಹಳ್ಳದ ಕಡೆ ನೋಡುವ ಧೈರ್ಯ ಸಾಲದೆ ಅಳುತ್ತಲೇ ದಿಬ್ಬ ಹತ್ತಿದೆ.

ಶಾಲೆಯ ಅಡುಗೆಮನೆಯಿಂದ ಹೊಗೆ ಬರುತ್ತಿತ್ತು. ಒಳಗೆ ಮಾಸ್ತರರು ಉಳ್ಳಾಗಡ್ಡಿ ಹೆಚ್ಚುತ್ತ ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ಅತ್ತೆ ಅಕ್ಕಿ ತೊಳೆಯುತ್ತಿದ್ದರು.

"ಇಷ್ಟೊತ್ತು ಎಲ್ಲಿ ಹೋಗಿದ್ದಿ?" ಎಂದು ನನ್ನನ್ನೇ ಬೈದರು. "ಮಂದಿ ಹಸದು ಕುಂತಾರ. ಅಳೂದು ಆಮ್ಯಾಲ ಅಳು, ಮೊದಲ ಗಂಗಾಳ ತೊಳಿ."

ನಾನು ಅಳುತ್ತಲೇ ತೊಳೆದೆ. ಆ ದಿನ ನಮ್ಮ ಮನೆಯೊಳಗೆ ಎದೆಮಟ್ಟ ನೀರು ನಿಂತಿತು. ಒಳಗೆ ಯಾರೂ ಇರಲಿಲ್ಲ, ನನಗೆ ಅಷ್ಟೇ ಸಾಕಾಗಿತ್ತು.

ಎಲ್ಲರಿಗೂ ಬಡಿಸಿದ ಮೇಲೆ ಅತ್ತೆ ಕೈ ತೊಳೆದು ಒಳಗಿನ ಹಾಲಿಗೆ ಬಂದರು. ಉದ್ದ ಪಂಕ್ತಿಯನ್ನು ಒಮ್ಮೆ ನೋಡಿದರು. ಮಾಸ್ತರರ ಹೆಂಡತಿ ಮಾಲತೀಬಾಯಿ ಸರಿದು ಜಾಗ ಕೊಟ್ಟರು. ನಡುಪಂಕ್ತಿಯಲ್ಲಿ ಕಾಲು ಚಾಚಿ ಕೂತು ಅತ್ತೆ ನನ್ನನ್ನು ಕರೆದರು.

"ಈಗ ನನಗ ಬಡಸು ಸ್ವರೂಪಾ. ಹಸಿವಾಗ್ಯಾದ."