ಭಾವನ ಗೊರಕೆ

ಪುಸ್ತಕಗಳಿಗೆ ರಟ್ಟು ಕಟ್ಟುವ ಆ ಅಂಗಡಿಯಲ್ಲಿ ಗೋಡೆ ಗಡಿಯಾರಕ್ಕಿಂತ ಭಾವನ ಗೊರಕೆಗೇ ಹೆಚ್ಚು ಮರ್ಯಾದೆ. ಊಟ ಮುಗಿಸಿ ಕುರ್ಚಿಗೆ ಒರಗಿದರೆಂದರೆ ಮುಗಿಯಿತು, ಎರಡು ಗಂಟೆಯಾಯಿತೆಂದು ಪಕ್ಕದ ಅಂಗಡಿಯವರಿಗೂ ಗೊತ್ತಾಗುತ್ತಿತ್ತು. ಹೆಂಡತಿಯೂ ಅವಳ ತಂಗಿಯೂ ಎದುರಿಗೇ ಆಡಿಕೊಳ್ಳುತ್ತಿದ್ದರು. ಪುಣ್ಯಾತ್ಮ ಒಂದು ದಿನವೂ ಮುಖ ಗಂಟು ಹಾಕಿಕೊಂಡವರಲ್ಲ.

ಆವತ್ತು ಗೊರಕೆ ಬಿಟ್ಟು ಬಿಟ್ಟು ಬರುತ್ತಿತ್ತು. ಒಂದು ದೊಡ್ಡದು, ಆಮೇಲೆ ಸದ್ದೇ ಇಲ್ಲ, ತುಂಬ ಹೊತ್ತಿಗೆ ಇನ್ನೊಂದು.

"ಭಾವನ ಗಾಡಿ ಇವತ್ತು ಏರು ಹತ್ತಲ್ಲ ಅಂತಿದೆ ಕಣೇ ಅಕ್ಕ," ಎಂದು ಪುಸ್ತಕದ ಬೆನ್ನಿಗೆ ಗೋಂದು ಬಳಿಯುತ್ತಿದ್ದ ತಂಗಿ ನಕ್ಕಳು. ಅಕ್ಕನೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಾಳಾದ ನಗು! ಇನ್ನೂ ಎರಡು ಪುಸ್ತಕಕ್ಕೆ ಗೋಂದು ಬಳಿದ ಮೇಲೆ ತಂಗಿ ತಿರುಗಿ ನೋಡಿದಳು. ಭಾವನ ತುಟಿ ನೀಲಿಗಟ್ಟಿತ್ತು. ಭುಜ ಹಿಡಿದು ಅಲುಗಿಸಿದರೆ ತಲೆ ಒಂದು ಕಡೆಗೆ ವಾಲಿತು.

ಆಂಬುಲೆನ್ಸ್‌ಗೆ ತಂಗಿ ಫೋನ್ ಮಾಡಿದಾಗ ಆ ಕಡೆಯ ಹೆಂಗಸು ಮೊದಲು ಕೇಳಿದ್ದು, "ಉಸಿರಾಡ್ತಿದಾರಾ?"

"ಹೂಂ, ಗೊರಕೆ ಹೊಡೀತಿದಾರೆ."

"ಒಂದೇ ಸಮನೆ ಬರ್ತಿದೆಯಾ?"

"ಇಲ್ಲ... ಯಾವಾಗಲೋ ಒಂದು."

"ಅದು ಉಸಿರಲ್ಲಮ್ಮ. ಹೃದಯ ನಿಂತಾಗ ಹಾಗೆ ಸದ್ದು ಬರತ್ತೆ. ನೆಲದ ಮೇಲೆ ಅಂಗಾತ ಮಲಗಿಸಿ. ಎದೆ ಮಧ್ಯ ಒಂದು ಅಂಗೈ, ಅದರ ಮೇಲೆ ಇನ್ನೊಂದು. ಜೋರಾಗಿ ಒತ್ತಿ, ಸೆಕೆಂಡಿಗೆ ಎರಡು ಸಲ. ಬಾಯಿಗೆ ಬಾಯಿ ಇಡೋದೇನೂ ಬೇಡ, ಬರೀ ಒತ್ತಿ."

ಫೋನನ್ನು ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟು, ಭಾವನನ್ನು ಕುರ್ಚಿಯಿಂದ ಇಳಿಸಿ ಮಲಗಿಸಿ ತಂಗಿ ಒತ್ತಿದಳು. ಎಲುಬು ಲಟಕ್ಕೆಂದಿತು. ಆದರೂ ಅವಳು ಬಿಡಲಿಲ್ಲ. ಅಷ್ಟರಲ್ಲಿ ಭಾವನ ಗಂಟಲಿನಿಂದ ಮತ್ತೊಂದು ಗೊರಕೆ.

"ಉಸಿರು ಬಂತು ಕಣೇ! ಬಿಡೇ, ಅವರ ಎಲುಬು ಮುರೀತಿದೀಯ!" ಎಂದು ಅಕ್ಕ ಅವಳ ಕೈ ಹಿಡಿದೆಳೆದಳು.

"ನಿಲ್ಲಿಸ್ಬೇಡಿ, ನಿಲ್ಲಿಸ್ಬೇಡಿ," ಎಂದು ನೆಲದ ಮೇಲಿನ ಫೋನು ಬಡಕೊಳ್ಳುತ್ತಿತ್ತು. ತಾಯಿಯ ಹಾಗೆ ಸಾಕಿದ ಅಕ್ಕನನ್ನು ಅವಳು ಮೊಣಕೈಯಿಂದ ದೂಡಿದಳು. ಮತ್ತೆ ಒತ್ತಿದಳು. ತೋಳು ಸೋತು ಬಂತು, ಕಣ್ಣು ಕತ್ತಲಿಟ್ಟಿತು. "ನಿನ್ನ ದಮ್ಮಯ್ಯ ಅಕ್ಕ, ನೀನೂ ಸ್ವಲ್ಪ ಒತ್ತೇ," ಎಂದು ಅಂಗಲಾಚಿದಳು. ಅಕ್ಕ ಗೋಡೆಗೆ ತಲೆ ಚಚ್ಚಿಕೊಂಡಳೇ ಹೊರತು ಹತ್ತಿರ ಬರಲಿಲ್ಲ. ಗೊರಕೆ ಮತ್ತೆ ಕೇಳಿಸಲೂ ಇಲ್ಲ.

ಆಂಬುಲೆನ್ಸಿನವರು ಬಂದು ಅವಳನ್ನು ಸರಿಸಿ, ಎದೆಗೆ ಪಟ್ಟಿ ಅಂಟಿಸಿ ಮೂರು ಸಲ ಶಾಕ್ ಕೊಟ್ಟರು. ತುಂಬ ಹೊತ್ತು ಒತ್ತಿದರು. ಕೊನೆಗೆ ಅವರಲ್ಲೊಬ್ಬ ಬೆವರು ಒರೆಸಿಕೊಂಡು ಎದ್ದು ನಿಂತ.

"ಸರಿಯಾಗೇ ಒತ್ತಿದೀರಮ್ಮ," ಎಂದ. "ಹೀಗಾಯ್ತು, ಏನ್ಮಾಡೋದು."

ಅವರು ಹೊರಗೆ ಸ್ಟ್ರೆಚರ್ ತರಲು ಹೋದಾಗ ತಂಗಿ ಅಕ್ಕನ ಪಕ್ಕ ಕೂತಳು. ಅಕ್ಕ ಅವಳ ಕಡೆ ನೋಡಲಿಲ್ಲ.

"ನೀನು ಕೈ ಇಡೋವರೆಗೂ ಉಸಿರಿತ್ತು," ಎಂದಳು.

"ಅದು ಉಸಿರಲ್ವಂತೆ ಅಕ್ಕ."

"ಇಪ್ಪತ್ತೆರಡು ವರ್ಷ ಪಕ್ಕದಲ್ಲಿ ಮಲಗಿದೋಳು ನಾನು. ಅವರ ಗೊರಕೆ ನಂಗೆ ಗೊತ್ತಿಲ್ವೇನೇ?"