ಹೊಂಡದ ಹಗ್ಗ

ತೀರಿಹೋದವನ ಹೆಸರಲ್ಲಿ ಮಾಡಿದ ಪುಣ್ಯಾನುಮೋದನೆಗೆ ಬಂದ ನೆಂಟರೆಲ್ಲ ಹಿಂದಿನ ಸಂಜೆಯೇ ಹೋಗಿದ್ದರು. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. ಕೊಡ ತುಂಬಿಸಿಟ್ಟು, ಅಲಮಾರಿಯ ಹಿಂದೆ ಕಸಬರಿಗೆ ತೂರಿಸಿದ ಪಂಚಶೀಲಾಳಿಗೆ ಹಗ್ಗದ ಸುರುಳಿ ಸಿಕ್ಕಿತು. ಮೊಳಕ್ಕೊಂದು ಗಂಟು. ಇಂಥ ಹಗ್ಗವನ್ನು ಅವಳು ಒಂದೇ ಕಡೆ ನೋಡಿದ್ದಳು: ಕಮಲಾಪುರದಲ್ಲಿ, ಗಂಡನ ಸೋದರಮಾವ ದತ್ತಪ್ಪನ ಬಾಳೆತೋಟದ ಕೃಷಿಹೊಂಡದಲ್ಲಿ.

ಗಂಡ ಗೌತಮ ತೀರಿಕೊಂಡದ್ದು ಅದೇ ಹೊಂಡದಲ್ಲಿ. ಪಂಪಿನ ಪೈಪು ಸರಿಮಾಡಲು ಇಳಿದಿದ್ದ. ಈಜು ಚೆನ್ನಾಗಿ ಬರುತ್ತಿತ್ತು. ಆದರೆ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿದರೆ ಎಂಥ ಈಜುಗಾರನಿಗೂ ಕಾಲೂರಲಾಗುವುದಿಲ್ಲ; ಮೇಲೆ ಬರಲು ಗೂಟಕ್ಕೆ ಕಟ್ಟಿದ ಗಂಟಿನ ಹಗ್ಗವೊಂದೇ ದಾರಿ. ಅಂದು ಗೂಟ ಬರಿದಾಗಿತ್ತು.

ಶಹಾಬಜಾರದ ಈ ಬಾಡಿಗೆ ಮನೆಗೆ ಬರುವಾಗ, ಟೆಂಪೊದಲ್ಲಿ ಅಲಮಾರಿ ಬಿಗಿಯಲು ಮಾವನ ಕಡೆಯಿಂದ ಹಗ್ಗ ತರುತ್ತೇನೆಂದು ಗೌತಮ ಹೋಗಿದ್ದು ಅವಳಿಗೆ ನೆನಪಾಯಿತು.

ಒಳಗೆ ಅತ್ತೆ ರಮಾಬಾಯಿ ಮತ್ತೆ ಶುರುಮಾಡಿದ್ದರು. "ತಮ್ಮ ಅಂತ ತಮ್ಮ! ಹೊಂಡ ತೋಡ್ಲಾಕ ಆಯ್ತು, ಒಂದ್ ಹಗ್ಗ ಕಟ್ಲಾಕ ಆಗ್ಲಿಲ್ಲ ಅವಗ. ಇನ್ನ ಈ ಹೊಸ್ತಿಲ ತುಳೀಬಾರ್ದು ಅಂವ."

ಮಣ್ಣು ಮಾಡಿದ ದಿನವೂ ದತ್ತಪ್ಪ ಇದನ್ನೆಲ್ಲ ತಲೆತಗ್ಗಿಸಿ ಕೇಳಿದ್ದ.

ಪಂಚಶೀಲಾ ಸುರುಳಿಯನ್ನು ಅತ್ತೆಯ ಮುಂದಿಟ್ಟಳು. "ಇದು ಮಾವಂದ್ರೀ ಅತ್ತೀ. ಅಲಮಾರಿ ಕಟ್ಲಾಕ ನಿಮ್ಮ ಮಗಾನೇ ಬಿಚ್ಕೊಂಡ್ ಬಂದಿದ್ರು."

ರಮಾಬಾಯಿ ಗಂಟುಗಳನ್ನು ಮುಟ್ಟಿ ನೋಡಿದರು. "ಒಳಗ ಇಟ್ಟುಬಿಡು. ಮಂದಿಗೆ ಗೊತ್ತಾಗೂದು ಬ್ಯಾಡ" ಎಂದರು.

"ಅಲ್ಲಿ ಗೂಟ ಖಾಲಿ ಅದರೀ."

ಅತ್ತೆ ಗೋಡೆಯ ಕಡೆ ಹೊರಳಿ ಮಲಗಿದರು.

ಬಸ್ಸಿನಲ್ಲಿ ಕಂಡಕ್ಟರ್ ನಕ್ಕ. "ಹಗ್ಗ ಬಂತು, ಎಮ್ಮಿ ಎಲ್ಲಿ ಅಕ್ಕಾರ?" ಪಂಚಶೀಲಾ ಕಮಲಾಪುರಕ್ಕೆ ಟಿಕೆಟ್ ಕೇಳಿದಳು.

ತೋಟದ ಬಾಯಲ್ಲಿ ಹಗ್ಗ ಕಂಡದ್ದೇ ದತ್ತಪ್ಪ ಕುಳಿತುಬಿಟ್ಟ. "ಯಾಕ ತಂದಿ ತಂಗಿ? ಸತ್ತವನ ಮ್ಯಾಲ ತಪ್ಪು ಯಾಕ ಹಾಕೂದು? ನನಗ ಬೈದ್ರ ಅಕ್ಕನ ಎದಿ ಹಗುರಾಗ್ತದ."

"ಅತ್ತಿಯವ್ರಿಗಿ ಹೇಳೀನ್ರೀ ಮಾವಾ."

"ಇನ್ನೊಂದ್ ಹಗ್ಗ ಆದ್ರೂ ಕಟ್ಬೇಕಿತ್ತು ನಾನು. ಇವತ್ತ ತರ್ತಾನ, ನಾಳಿ ತರ್ತಾನ ಅಂತ ಕುಂತೆ." ಅವನು ಟವೆಲಿನಲ್ಲಿ ಮುಖ ಒರೆಸಿಕೊಂಡ. "ಏನಂದ್ಲು ಅಕ್ಕ?"

ಪಂಚಶೀಲಾ ಹಗ್ಗದ ಒಂದು ತುದಿಯನ್ನು ಅವನ ಕೈಗಿಟ್ಟಳು. "ನೀವ ಕಟ್ರಿ. ನನಗ ಗಟ್ಟಿ ಬಿಗೀಲಾಕ ಬರೂದಿಲ್ಲ."

ದತ್ತಪ್ಪ ಗೂಟಕ್ಕೆ ಬಿಗಿದ. ಮೈಭಾರವೆಲ್ಲ ಬಿಟ್ಟು ಎಳೆದು ನೋಡಿದ, ಮತ್ತೊಮ್ಮೆ ಎಳೆದ. ಪಂಚಶೀಲಾ ಉಳಿದ ಸುರುಳಿಯನ್ನು ಹೊಂಡಕ್ಕೆ ಎಸೆದಳು. ಅದು ಸುರುಳಿಯಾಗಿಯೇ ಕೆಲಹೊತ್ತು ತೇಲಿತು. ಆಮೇಲೆ ನೀರು ಕುಡಿಯುತ್ತ, ಒಂದೊಂದೇ ಸುತ್ತು ಬಿಚ್ಚುತ್ತ ಕೆಳಗಿಳಿಯಿತು.