ಮುಕ್ಕಾದ ಅಲಗು

“ಅಳಬೇಕು ಉಗೋ ಅವ್ರೇ, ಅಳಬೇಕು! ನೋಡೋರ ಕರುಳು ಕಿತ್ತು ಬರಬೇಕು!” ಕತ್ತಲಲ್ಲಿದ್ದ ಕುರ್ಚಿಗಳ ಸಾಲಿನಿಂದ ನಿರ್ದೇಶಕಿ ಲುಡೊವಿಕಾ ಕೂಗಿದಳು.

ಉಗೋ ಅತ್ತಿಯಾಸನಿಗೆ ಅಳು ಬರಲಿಲ್ಲ, ಮೈ ಉರಿಯಿತು. ಲಿವೊರ್ನೊದ ಈ ರಂಗಮಂದಿರದಲ್ಲಿ ಆ ಹಳೆಯ ನಾಟಕದ ಯಹೂದಿ ಬಡ್ಡಿವ್ಯಾಪಾರಿಯ ಪಾತ್ರ ಅವನಿಗೆ ಸಿಕ್ಕಿದ್ದು ಇದು ಎರಡನೆಯ ಸಲ. ಹರೆಯದಲ್ಲಿ ಸಿಕ್ಕಾಗ ಆಗಿನ ನಿರ್ದೇಶಕ ಮೇಣದ ಉದ್ದ ಮೂಗು ಅಂಟಿಸಿ, ಕೈ ಹೊಸೆಯುತ್ತ ಕಿಸಕ್ಕನೆ ನಗು ಎಂದಿದ್ದ. ಈಗ ಈ ಮಹಾತಾಯಿ ಅಳು ಎನ್ನುತ್ತಾಳೆ. ಮಗಳು ಓಡಿಹೋಗಿ, ಊರವರೆಲ್ಲ ಮುಖಕ್ಕೆ ಉಗಿದ ಮೇಲೆ, ಸಾಲದ ಬದಲು ವೈರಿಯ ಎದೆಯ ಮಾಂಸವನ್ನೇ ಕೇಳಲು ನ್ಯಾಯಾಲಯಕ್ಕೆ ಬಂದಿರುವ ಮನುಷ್ಯ ಅವನು. ಅವನಿಗೆ ಸಿಟ್ಟು ಬಂದಿದೆ. ಅಷ್ಟನ್ನು ಆಡಿ ತೋರಿಸಲು ಯಾರೂ ಯಾಕೆ ಬಿಡುವುದಿಲ್ಲ? ಉಗೋನಿಗೆ ಅರವತ್ತು ದಾಟಿತ್ತು. ಮೂರನೆಯ ಸಲ ಈ ಪಾತ್ರ ಯಾರೂ ಕೊಡುವುದಿಲ್ಲ.

“ಕೊಲ್ಲೋಕೆ ಬಂದೋನು ಗೊಳೋ ಅಂತ ಬರ್ತಾನೇನಮ್ಮಾ?”

“ಅವನು ಪಾಪದೋನು. ಜನಕ್ಕೆ ಅದೇ ಕಾಣಬೇಕು.”

“ಇವಳ ಹತ್ರ ಮಾತಾಡೋದೂ ಒಂದೇ, ಗೋಡೆ ಹತ್ರ ಮಾತಾಡೋದೂ ಒಂದೇ,” ಎಂದು ಗೊಣಗುತ್ತ ಅವನು ಮೇಜಿನ ಮೇಲಿದ್ದ ನಾಟಕದ ಚಾಕು ಎತ್ತಿಕೊಂಡ. ತಾಲೀಮಿನ ಬಿಡುವಿನಲ್ಲಿ ನಟರೆಲ್ಲ ಒಣ ಬ್ರೆಡ್ಡು ಕೊಯ್ಯುತ್ತಿದ್ದುದೂ ಅದರಲ್ಲೇ. ಏನು ಮಾಡುತ್ತಿದ್ದೇನೆಂಬ ಪರಿವೆಯಿಲ್ಲದೆ ಅವನ ಹೆಬ್ಬೆರಳಿನ ಉಗುರು ಅಲಗಿನ ಅಂಚಿನುದ್ದಕ್ಕೂ ಮೆಲ್ಲಗೆ ಮೇಲೆ ಹೋಯಿತು, ಕೆಳಗೆ ಬಂತು.

“ಅದು! ಅದೇನದು? ಮೈ ಜುಂ ಅಂತು ನಂಗೆ!” ಲುಡೊವಿಕಾ ಎದ್ದೇ ನಿಂತಳು. “ಅಳೋದು ಬೇಡ ಬಿಡಿ. ಇದನ್ನೇ ಇಟ್ಕೊಳ್ಳಿ. ಎಂಥ ಕ್ರೂರಿ ಅನ್ಸುತ್ತೆ!”

ಉಗೋ ಕೈಯನ್ನು ನೋಡಿಕೊಂಡ. ಅದು ಅಪ್ಪನ ಕೈಯ ಕೆಲಸ. ಊರಿನ ಯಹೂದಿಗಳಿಗೆಲ್ಲ ಧರ್ಮದ ಕಟ್ಟಳೆಯಂತೆ ಕೋಳಿ ಕುರಿ ಕೊಯ್ದುಕೊಡುತ್ತಿದ್ದ ಅಪ್ಪ ಪ್ರತಿ ಸಲವೂ ಉಗುರಿನಿಂದ ಅಲಗು ಮುಟ್ಟಿ ನೋಡುತ್ತಿದ್ದ. ಕೂದಲೆಳೆಯಷ್ಟು ಮುಕ್ಕಾಗಿದ್ದರೂ ಪ್ರಾಣಿಗೆ ನೋವಾಗುತ್ತದೆ, ಕೊಯ್ಯುವಂತಿಲ್ಲ.

“ಅದು ಕ್ರೂರತನ ಅಲ್ಲ ಕಣಮ್ಮ. ನೋವಾಗಬಾರದು ಅಂತ ನೋಡೋದು.”

“ಇರಲಿ ಬಿಡಿ. ಜನಕ್ಕೆಲ್ಲಿ ಗೊತ್ತಾಗುತ್ತೆ?”

ಮಧ್ಯಾಹ್ನ ಮನೆಯಲ್ಲಿ ಅಕ್ಕ ಗ್ರಾಸಿಯಾ ಟೊಮೆಟೊ ಗೊಜ್ಜಿನಲ್ಲಿ ಬೇಯಿಸಿದ ಮೀನು ಬಡಿಸುತ್ತಿದ್ದವಳು ಇದನ್ನು ಕೇಳಿದ್ದೇ ಸೌಟನ್ನು ಪಾತ್ರೆಗೆ ಕುಕ್ಕಿದಳು.

“ಕೋಳಿ ಒಂದು ಕಿರುಚಿದ್ರೆ ಅವತ್ತು ಊಟ ಬಿಡ್ತಿದ್ರಲ್ಲೋ ಅಪ್ಪ! ಅವರ ಕೈಯನ್ನ ಒಬ್ಬ ಕೊಲೆಗಾರನಿಗೆ ಕೊಟ್ಟುಬಂದ್ಯಾ?”

“ನಾನು ಕೊಡಲಿಲ್ಲ ಅಕ್ಕ, ಕೈ ತಾನಾಗೇ ಹೋಯ್ತು. ಅವನೂ ನಮ್ಮೋನೇ ತಾನೆ?”

“ಹಾಗಾದ್ರೆ ಹೇಳು, ಅವನು ಒಳ್ಳೆಯೋನೋ ಕೆಟ್ಟೋನೋ?”

“ಸಿಟ್ಟು ಬಂದಿರೋನು. ಅಷ್ಟೇ.”

“ಹಂಗೇ ಆಡು ಮತ್ತೆ.”

“ಆಡೋಕೆ ಬಿಡೋರು ಯಾರು? ನೀನು ಬಿಡ್ತೀಯಾ?”

ಗ್ರಾಸಿಯಾ ಮುಖ ತಿರುಗಿಸಿದಳು. “ಭಾನುವಾರ ನಾಟಕಕ್ಕೆ ಬರ್ತೀನಿ. ನೀನು ಆ ಚಾಕುಗೆ ಉಗುರು ಹಚ್ಚಿದ್ಯೋ, ಎದ್ದು ಹೊರಟೆ ಅಂತ ತಿಳ್ಕೋ.” ಉಗೋ ಮಾಡುವುದಿಲ್ಲವೆಂದು ಮಾತು ಕೊಟ್ಟ.

ಭಾನುವಾರ ರಂಗಮಂದಿರ ತುಂಬಿತ್ತು. ನ್ಯಾಯಾಲಯದ ದೃಶ್ಯದಲ್ಲಿ ಉಗೋ ಅಳಲಿಲ್ಲ, ಹಲ್ಲು ಕಿರಿಯಲೂ ಇಲ್ಲ. ಎದೆ ತೆರೆದು ನಿಂತ ವೈರಿಯ ಕಡೆ ನಡೆದ. ಇಷ್ಟು ವರ್ಷ ನುಂಗಿಕೊಂಡಿದ್ದ ಸಿಟ್ಟೆಲ್ಲ ಆ ಹೆಜ್ಜೆಗಳಲ್ಲಿತ್ತು. ಕೊಟ್ಟ ಮಾತು ನೆನಪಾಗುವಷ್ಟರಲ್ಲಿ ಉಗುರು ಅಲಗಿನ ಮೇಲಿತ್ತು.

ಅಲಗಿನ ನಡುವೆ ಉಗುರು ತಡೆದು ನಿಂತಿತು. ಅಲಗು ಮುಕ್ಕಾಗಿತ್ತು.

ಮುಂದಿನದನ್ನು ಅವನು ಯೋಚಿಸಿ ಮಾಡಲಿಲ್ಲ. ಚಾಕುವನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ವಕೀಲೆಯ ಪಾತ್ರದ ಹುಡುಗಿ ತಬ್ಬಿಬ್ಬಾಗಿ, ಅವನು ಆಗಲೇ ಹಿಂದೆ ಸರಿದಿದ್ದರೂ ಕೈ ಅಡ್ಡ ಚಾಚಿ, ‘ನಿಲ್ಲು!’ ಎಂದು ಬಾಯಿಪಾಠವಾಗಿದ್ದುದನ್ನು ಒಪ್ಪಿಸಿದಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಾಟಕ ಹೇಗೋ ಕುಂಟುತ್ತ ಮುಗಿಯಿತು.

“ನನ್ನ ನಾಟಕಾನ ಹಾಳು ಮಾಡಿದ್ರಲ್ಲ!” ಎಂದು ಲುಡೊವಿಕಾ ನೇಪಥ್ಯದಲ್ಲಿ ಹಾರಾಡಿದಳು. ಬಾಗಿಲಲ್ಲಿ ಒಬ್ಬ ಹೆಂಗಸು ಉಗೋನ ಕೈ ಹಿಡಿದು, “ಪಾಪ, ಕೊನೆಗೆ ಮನಸ್ಸು ಕರಗಿಬಿಡ್ತಲ್ಲ ಅವನಿಗೆ,” ಎಂದಳು. ಅವಳ ಗಂಡ, “ಕರಗೋದೇನು, ಪುಕ್ಕಲ! ಹೆದರಿಬಿಟ್ಟ,” ಎಂದ. ಉಗೋ ಕೈ ಬಿಡಿಸಿಕೊಂಡು ಒಳಗೆ ಹೋದ. ಮುಖದ ಬಣ್ಣ ಒರೆಸಿಕೊಳ್ಳುವಷ್ಟೂ ಉತ್ಸಾಹ ಉಳಿದಿರಲಿಲ್ಲ. ಕೊನೆಯ ಅವಕಾಶವೂ ಕೈಬಿಟ್ಟು ಹೋಗಿತ್ತು.

ಜನ ಕರಗಿದ ಮೇಲೆ ಗ್ರಾಸಿಯಾ ಬಂದಳು. ಎದ್ದು ಹೋಗಿರಲಿಲ್ಲ.

“ಎಲ್ಲಿ ಅದು?” ಎಂದಳು.

ಉಗೋ ಚಾಕು ಕೊಟ್ಟ. ಅವಳು ಅದನ್ನು ದೀಪದ ಕೆಳಗೆ ಹಿಡಿದು, ಹೆಬ್ಬೆರಳಿನ ಉಗುರನ್ನು ಅಂಚಿನ ಮೇಲೆ ಮೆಲ್ಲಗೆ ಸರಿಸಿದಳು. ನಡುವೆ ಒಂದು ಕಡೆ ಉಗುರು ನಿಂತಿತು.

“ಇಲ್ಲಿ,” ಎಂದಳು.

“ಹೂಂ. ಅಲ್ಲೇ.”